ಅವ್ವನ ಬುತ್ತಿ, ಮೌಶಿಯ ಹಾಲು

ನಾನು ಮಲ ಪರೀಕ್ಷೆ ಮಾಡುವವಳು. ಮೂತ್ರ, ಕಫ, ರಕ್ತ ಎಲ್ಲವನ್ನೂ ಪರೀಕ್ಷೆ ಮಾಡುತ್ತೇನೆ, ಆದರೆ ಜನ ಮುಖ ಸಿಂಡರಿಸುವುದು ಮೊದಲು ಹೇಳಿದ್ದಕ್ಕೆ ಮಾತ್ರ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅಪ್ಪ, ನಮ್ಮ ಹುಡುಗಿ ದವಾಖಾನೆಯಲ್ಲಿ ಮಶೀನು ನೋಡಿಕೊಳ್ಳುತ್ತಾಳೆ ಎಂದು ಹೇಳಿ ಲಗುಬಗೆಯಿಂದ ಮಾತು ಬದಲಿಸಿದ್ದ. ಆ ಮಶೀನು ಎಂದರೆ ಒಂದು ಸೂಕ್ಷ್ಮದರ್ಶಕ. ಮೊದಲು ಮುಂಡಗೋಡದಲ್ಲಿ, ಆಮೇಲೆ ಹಳಿಯಾಳದ ಕಡೆಗೆ, ಅದಕ್ಕೆ ಕಣ್ಣಿಟ್ಟುಕೊಂಡೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಕೆಲಸದ ಬಗ್ಗೆ ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ನಾಚಿಕೆಯಾಗುವುದು, ಅದಕ್ಕಿಂತ ಹೆಚ್ಚು ಸಿಟ್ಟು ಬರುವುದು, ನಮ್ಮ ಸ್ವಂತ ಮನೆಯಲ್ಲಿ ನಡೆದ ಒಂದು ಸಂಗತಿಗೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಓಣಿಗೆ ಹಾಲು ಹಾಕುತ್ತಿದ್ದವಳು ಎಮ್ಮೆ ಸಾಕುವ ಗೌಳಿ ಜನರ ಒಬ್ಬ ಹೆಂಗಸು. ಊರಿನಾಚೆ ಕಾಡಿನ ಅಂಚಿಗೆ ಅವರ ಗುಡಿಸಲುಗಳ ವಾಡೆಯಿದೆ. ಅಲ್ಲಿಂದ ದಿನಾ ಬೆಳಿಗ್ಗೆ ಕಚ್ಚೆ ಸೀರೆ ಬಿಗಿದುಕೊಂಡು, ತಲೆಯ ಮೇಲೊಂದು, ಕೈಯಲ್ಲೊಂದು ಕ್ಯಾನು ಹಿಡಿದು ನಡೆದು ಬರುತ್ತಿದ್ದಳು. ನಮ್ಮ ಮನೆಯ ಮಕ್ಕಳು ಅವಳನ್ನು ಅವಳ ಮಾತಿನಲ್ಲೇ ಮೌಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದವು, ನಾವೂ ಹಾಗೇ ಕರೆಯುತ್ತಿದ್ದೆವು. ಓಣಿಯ ಎಂಟು ಮನೆಗಳಿಗೆ ಅವಳದೇ ವರ್ತನೆಯ ಹಾಲು. ಗಂಡ ಹೋದ ಮೇಲೆ ನಾಲ್ಕು ಎಮ್ಮೆ ಕಟ್ಟಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಸಾಲಿ ಓದಿಸುತ್ತಿದ್ದ ಅವಳಿಗೆ ಆ ಎಂಟು ಮನೆಗಳೇ ಜೀವಕ್ಕೆ ಆಧಾರ.

ಎಷ್ಟು ವರ್ಷ ಬಂದರೂ ಮೌಶಿ ನಮ್ಮ ಕಟ್ಟೆ ದಾಟಿ ಒಳಗೆ ಬಂದವಳಲ್ಲ. ಅವ್ವ ಬೋಗಾಣಿ ತಂದು ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿಯುವಳು, ಮೌಶಿ ಬಗ್ಗಿ ಮೇಲಿನಿಂದ ಹಾಲು ಸುರಿಯುವಳು. ಅವಳ ಅಳತೆಯ ಪಾತ್ರೆ ನಮ್ಮ ಬೋಗಾಣಿಯ ಅಂಚಿಗೆ ತಾಗಬಾರದು. ಹೀಗೇ ಮಾಡಬೇಕೆಂದು ಯಾರೂ ಯಾರಿಗೂ ಹೇಳಿದ್ದಿಲ್ಲ. ಜಾತಿ ಮಾಡಬಾರದು ಎಂಬ ವಚನಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಬಿಟ್ಟ ಮನೆ ನಮ್ಮದು. ಆ ಗೋಡೆಯ ಕೆಳಗೆ ಕೂತು ಚಹಾ ಕುಡಿಯುತ್ತ ನಾನೂ ಇದನ್ನು ನೋಡಿದ್ದೇನೆ, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಶೀಗಿ ಹುಣ್ಣಿಮೆಗೆ ನಮ್ಮಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಭತ್ತ ತೆನೆ ಕಟ್ಟುವ ಹೊತ್ತು, ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬ ನಂಬಿಕೆ. ಮಾಡಿದ ಅಡುಗೆಯೆಲ್ಲ ಒಂದಿಷ್ಟು ಕಲಸಿ ಹೊಲದ ತುಂಬ ಚೆಲ್ಲಿ, ಆಮೇಲೆ ಬದುವಿನ ಮೇಲೆ ಸಾಲಾಗಿ ಕೂತು ಉಣ್ಣುವುದು. ಹೋಳಿಗೆ, ಕಡುಬು, ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ ಎಲ್ಲ ಇದ್ದರೂ ನಮ್ಮ ಮನೆಯ ಹೆಸರು ಇರುವುದು ಬುತ್ತಿಗೆ, ಅದೂ ಅವ್ವ ಕಟ್ಟಿದ ಬುತ್ತಿಗೆ.

ಬುತ್ತಿಯಲ್ಲಿ ಒಂದು ಜಾಣತನವಿದೆ. ಬೆಳಿಗ್ಗೆ ಕಲಸಿದ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಿಬಿಡುತ್ತದೆ. ಹಾಗಾಗಬಾರದೆಂದು ಅವ್ವ ಬಿಸಿ ಅನ್ನವನ್ನು ಪರಾತದಲ್ಲಿ ಹರಡಿ, ಅದು ಉಗುರುಬೆಚ್ಚಗಾದ ಮೇಲೆ ಕಾಸಿದ ಹಾಲು ಸುರಿದು, ಮೇಲೆ ಒಂದೇ ಚಮಚ ಮೊಸರು ಹಾಕಿ, ಮೊಳಕೈತನಕ ಕೈ ಹಾಕಿ ಮಿದಿಯುತ್ತಾಳೆ. ಅನ್ನದ ಅಗುಳು ಒಂದಕ್ಕೊಂದು ಹತ್ತಿ ಬೆಣ್ಣೆಯಂತಾಗಬೇಕು. ಆಮೇಲೆ ಉಂಡೆ ಕಟ್ಟಿ, ಒದ್ದೆ ಬಿಳಿ ಅರಿವೆಯಲ್ಲಿ ಗಂಟು ಹಾಕಿ ಬುಟ್ಟಿಯಲ್ಲಿ ಇಡುವುದು. ಹೊಲ ಮುಟ್ಟಿ ಪೂಜೆ ಮುಗಿಯುವ ಹೊತ್ತಿಗೆ ಹಾಲೆಲ್ಲ ಮೆಲ್ಲಗೆ ಹೆಪ್ಪಾಗಿ ಸಿಹಿಮೊಸರಿನ ರುಚಿ ಬಂದಿರುತ್ತದೆ. ಉಗುರುಬೆಚ್ಚಗಿನ ಹಾಲನ್ನ, ಬಿಸಿಲು, ಅರಿವೆಯ ಗಂಟು, ಆರು ತಾಸು. ಇಷ್ಟು ವರ್ಷ ಈ ಕೆಲಸ ಮಾಡಿಯೂ ಇವು ನಾಲ್ಕನ್ನೂ ಒಟ್ಟಿಗೆ ಇಟ್ಟು ಒಮ್ಮೆಯೂ ನಾನು ಯೋಚಿಸಿರಲಿಲ್ಲ. ಲ್ಯಾಬಿನಲ್ಲಿ ಕ್ರಿಮಿ ಬೆಳೆಸುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಆ ದಿನ ಬದುವಿನ ಮೇಲೆ ಮನೆಯವರು, ನೆಂಟರು ಸೇರಿ ನಾವು ಇಪ್ಪತ್ತೆರಡು ಮಂದಿ ಕೂತಿದ್ದೆವು. ಅವ್ವ ಸೆರಗು ಸಿಕ್ಕಿಸಿಕೊಂಡು ಬಂದು ಒಬ್ಬೊಬ್ಬರ ಕೈಗೆ ಒಂದೊಂದು ಉಂಡೆ ಇಟ್ಟಳು. ಅಣ್ಣನಿಗೆ ಸಕ್ಕರೆ ಕಾಯಿಲೆ, ಅವನು ಅನ್ನ ಮುಟ್ಟುವುದಿಲ್ಲ, ರೊಟ್ಟಿ ತಿಂದ. ಅಣ್ಣನ ಮಗಳಿಗೆ ಆಗ ನಾಲ್ಕು ವರ್ಷ. ಅವಳು ಎರಡು ಉಂಡೆ ತಿಂದು ಮೂರನೆಯದಕ್ಕೆ ಕೈ ಒಡ್ಡಿದಳು. ನಾನು ಹಿಂದಿನ ದಿನದಿಂದ ಹೊಟ್ಟೆಯುರಿ ಎಂದು ಹಾಲು ಮೊಸರು ಬಿಟ್ಟಿದ್ದೆ, ಅದಕ್ಕೆ ಅವ್ವ ನನ್ನ ಮೇಲೆ ಮುನಿಸಿಕೊಂಡಳು.

ಮರುದಿನ ಸಂಜೆಗೆ ಮಗುವಿಗೆ ಜ್ವರ ಬಂತು. ಆಮೇಲೆ ಭೇದಿ. ಮೊದಲು ನೀರಿನಂತೆ, ಸ್ವಲ್ಪ ಹೊತ್ತಿಗೆ ನೀರಿಲ್ಲ, ಬರೀ ಲೋಳೆ ಮತ್ತು ರಕ್ತ, ಚಮಚದಷ್ಟು. ತಿಣುಕುವುದು, ಅಳುವುದು, ಮತ್ತೆ ತಿಣುಕುವುದು. ಹೊಟ್ಟೆಗೆ ವಿಶ್ರಾಂತಿ ಬೇಕು ಎಂದು ಅವ್ವ ನೀರು ಕೊಡುವುದನ್ನೇ ನಿಲ್ಲಿಸಿದ್ದಳು. ಮೈಯಿಂದ ನೀರು ಹೋಗುತ್ತಿರುವ ಮಗುವಿಗೆ ನೀರು ನಿಲ್ಲಿಸುವ ಈ ಬುದ್ಧಿ ನಮ್ಮ ಕಡೆ ಯಾವ ಮನೆಯನ್ನೂ ಬಿಟ್ಟಿಲ್ಲ, ಓದಿದವರ ಮನೆಯನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಅಣ್ಣನ ಹೆಂಡತಿ, ನಮ್ಮ ವೈನಿ, ಫೋನು ಮಾಡಿ ಮಗುವಿನ ಕಣ್ಣು ಮೇಲೆ ಹೋಗಿ ಕೈಕಾಲು ಸೆಟೆಯುತ್ತಿವೆ ಎಂದು ಚೀರಿದಾಗ, ಹಬ್ಬ ಮುಗಿಸಿ ನನ್ನ ಕೆಲಸದ ಊರಿಗೆ ಮರಳಿದ್ದ ನಾನು ದವಾಖಾನೆಗೆ ಹೊರಟಿದ್ದೆ. ರಕ್ತಭೇದಿಯಲ್ಲಿ ಸಣ್ಣ ಮಕ್ಕಳಿಗೆ ಹೀಗೆ ಫಿಟ್ಸ್ ಬರುವುದುಂಟು. ಮಗುವನ್ನು ನಮ್ಮ ದವಾಖಾನೆಗೇ ತಂದರು, ಸಲೈನು, ಔಷಧಿ, ಉಪ್ಪು ಸಕ್ಕರೆಯ ನೀರು ಎಲ್ಲ ಸಮಯಕ್ಕೆ ಆಯಿತು. ಮಗು ಬದುಕಿತು, ಈಗ ಸಾಲಿಗೆ ಹೋಗುತ್ತಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬರೆಯುತ್ತಿರುವುದು ಅವಳ ಕಥೆಯಲ್ಲ.

ಅದೇ ದಿನ ಇನ್ನೂ ಹತ್ತು ಮಂದಿ ಮಲಗಿದರು. ಎಲ್ಲರೂ ಹೊಲದಲ್ಲಿ ಉಂಡವರೇ. ನಾನು ಮಗುವಿನ ಹಾಸಿಗೆಯ ಪಕ್ಕದಲ್ಲಿ ಇದ್ದಾಗ ಅಣ್ಣನ ಫೋನು ಬಂತು.

"ಹಾಲು ಬಂದ್ ಮಾಡಿಸೀನಿ. ಆ ಗೌಳ್ಯಾರಾಕಿಗೆ ಇನ್ನ ಈ ಓಣ್ಯಾಗ ಕಾಲ ಇಡಬ್ಯಾಡ ಅಂತ ಹೇಳೀನಿ," ಎಂದ. "ಅಕಿ ಹಾಲಿನಿಂದನ ಆಗೇತಿ ಇದು. ಎಲ್ಲಾರೂ ಅದನ್ನ ಅನ್ನಾಕತ್ತಾರ."

ನಾನು ಹೂಂ ಎಂದೆ. ಇದನ್ನು ಮುಚ್ಚಿಡುವುದಿಲ್ಲ. ಕೈಯಲ್ಲಿ ಮಗುವಿನ ಕೈಯಿತ್ತು, ತಲೆ ಕೆಟ್ಟಿತ್ತು, ಸರಿಯಾಗಿ ಯೋಚಿಸುವ ಹೊತ್ತಾಗಿರಲಿಲ್ಲ ಎಂದು ಹೇಳಬಹುದು. ಆದರೆ ನಿಜ ಏನೆಂದರೆ, ಆ ಕ್ಷಣಕ್ಕೆ ನನಗೂ ಹಾಗೇ ಇರಬಹುದು ಅನ್ನಿಸಿತ್ತು. ಕಾಡಿನ ಅಂಚಿನ ಗುಡಿಸಲು, ಸೆಗಣಿ, ನೊಣ, ಎಲ್ಲ ಕಣ್ಣ ಮುಂದೆ ಬಂದವು. ಸೂಕ್ಷ್ಮದರ್ಶಕ ನೋಡುವ ಕಣ್ಣು ಒಂದು ನಿಮಿಷ ನಮ್ಮ ಓಣಿಯ ಕಣ್ಣಾಯಿತು. ಆ ಒಂದು ಹೂಂ ಎಂದದ್ದಕ್ಕೆ ನಾನು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಮಧ್ಯಾಹ್ನಕ್ಕೆ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಗುಲಾಬಿ ಹೂವಿನ ಶುಭೋದಯದ ಕೆಳಗೆ ಸುದ್ದಿ ಬಂತು: ಗೌಳ್ಯಾರ ಹಾಲು ಯಾರೂ ತಗೋಬಾರದು, ಮಕ್ಕಳಿಗೆ ವಿಷ ಆಗೇತಿ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಎಂಟು ಮನೆಗಳೂ ಒಂದೇ ದಿನದಲ್ಲಿ ಮುಚ್ಚಿದವು. ಮೌಶಿ ಮರುದಿನ ಹಾಲು ತಂದು ಓಣಿಯ ತುದಿಯಿಂದ ತುದಿಗೆ ಒಂದೊಂದೇ ಬಾಗಿಲ ಮುಂದೆ ನಿಂತು ಹೋದಳಂತೆ. ಯಾರೂ ಬೋಗಾಣಿ ತರಲಿಲ್ಲ.

ಮಗುವಿನ ಮಲವನ್ನು ನಾನೇ ನೋಡಿದೆ. ಗಾಜಿನ ಪಟ್ಟಿಯ ತುಂಬ ಕೀವಿನ ಕೋಶಗಳು, ಕೆಂಪು ರಕ್ತಕಣಗಳು. ಕ್ರಿಮಿಯ ಹೆಸರು ಹೇಳಲು ಅದನ್ನು ಬೆಳೆಸಿ ನೋಡಬೇಕು, ಅದಕ್ಕಾಗಿ ಧಾರವಾಡದ ದೊಡ್ಡ ಲ್ಯಾಬಿಗೆ ಕಳಿಸಿದೆ. ಕೆಲವು ದಿನಕ್ಕೆ ಉತ್ತರ ಬಂತು: ಶಿಗೆಲ್ಲಾ. ಹೆಸರು ಓದಿದ ಕೂಡಲೇ ನಾನು ಕುರ್ಚಿಯಲ್ಲಿ ಕೂತುಬಿಟ್ಟೆ.

ಯಾಕೆ ಕೂತೆ ಎಂದು ಹೇಳಬೇಕು. ಈ ಶಿಗೆಲ್ಲಾ ಎಂಬುದು ಎಮ್ಮೆಯ ಹೊಟ್ಟೆಯಲ್ಲಿ ಇರುವುದಿಲ್ಲ. ಆಕಳಿನಲ್ಲಿ ಇಲ್ಲ, ನಾಯಿಯಲ್ಲಿ ಇಲ್ಲ, ಸೆಗಣಿಯಲ್ಲಿ ಹುಟ್ಟುವುದಿಲ್ಲ. ಅದರ ಮನೆ ಮನುಷ್ಯನ ಕರುಳು. ಮನುಷ್ಯನ ಮಲದಿಂದ ಹೊರಟು ಮನುಷ್ಯನ ಬಾಯಿ ಸೇರುವುದಷ್ಟೇ ಅದಕ್ಕೆ ಗೊತ್ತಿರುವ ದಾರಿ. ಭೇದಿಯ ಬೇರೆ ಎಷ್ಟೋ ಕ್ರಿಮಿಗಳು ಲಕ್ಷಗಟ್ಟಲೆ ಹೊಟ್ಟೆಗೆ ಹೋದರೆ ಮಾತ್ರ ರೋಗ ಬರುತ್ತದೆ, ಉಳಿದದ್ದನ್ನು ಹೊಟ್ಟೆಯ ಆಮ್ಲ ಸುಟ್ಟುಹಾಕುತ್ತದೆ. ಇದಕ್ಕೆ ಆಮ್ಲದ ಹೆದರಿಕೆಯಿಲ್ಲ. ಹತ್ತಾರು ಕ್ರಿಮಿಗಳು ಸಾಕು, ಉಗುರಿನ ಸಂದಿಯಲ್ಲಿ ಕಣ್ಣಿಗೆ ಕಾಣದಷ್ಟು ಉಳಿದರೂ ಸಾಕು. ದೊಡ್ಡ ಕರುಳಿಗೆ ಹೋಗಿ ಅದರ ಒಳಪದರದ ಕೋಶದೊಳಗೆ ನುಗ್ಗಿ, ಅಲ್ಲೇ ಮರಿ ಹಾಕಿ, ಹೊರಗೆ ಬಾರದೆ ಗೋಡೆ ಕೊರೆದು ಪಕ್ಕದ ಕೋಶಕ್ಕೆ ಹೋಗುತ್ತದೆ. ಕೋಶಗಳು ಸಾಯುತ್ತವೆ, ಕರುಳಿನಲ್ಲಿ ಹುಣ್ಣಾಗುತ್ತದೆ, ರಕ್ತ ಬರುವುದು ಆ ಹುಣ್ಣಿನಿಂದ. ಉಷ್ಣದಿಂದ ಅಲ್ಲ. ರಕ್ತ ಕಂಡ ಕೂಡಲೇ ಉಷ್ಣ ಎಂದು ಸಬ್ಜಾ ಬೀಜ ನೆನೆಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮೌಶಿಯ ಕೈಯಿಂದಲೂ ಹಾಲಿಗೆ ಬಿದ್ದಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಬಿದ್ದಿರಬಹುದು. ಆದರೆ ಆ ಹಾಲನ್ನು ನಮ್ಮ ಮನೆಯಲ್ಲಿ ಉಕ್ಕುವತನಕ ಕಾಸುತ್ತಾರೆ, ಕುದಿಯುವ ಹಾಲಿನಲ್ಲಿ ಈ ಕ್ರಿಮಿ ಉಳಿಯುವುದಿಲ್ಲ. ಅದೂ ಬೇಡ. ಅವಳ ಹಾಲು ತೆಗೆದುಕೊಂಡದ್ದು ಎಂಟು ಮನೆ, ಮಲಗಿದ್ದು ನಮ್ಮ ಮನೆಯ ಪಂಕ್ತಿಯಲ್ಲಿ ಕೂತವರು ಮಾತ್ರ. ಅದರಲ್ಲೂ ದಿನಕ್ಕೆ ಮೂರು ಸಲ ಅದೇ ಹಾಲಿನ ಚಹಾ ಕುಡಿಯುವ ಅಣ್ಣನಿಗೆ ಏನೂ ಆಗಲಿಲ್ಲ. ಅವನು ಬುತ್ತಿ ತಿಂದಿರಲಿಲ್ಲ. ಇಷ್ಟು ಸರಳ ಲೆಕ್ಕ ಓಣಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಹೊಳೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಉತ್ತರ ಬರುವ ಮೊದಲೇ ನಾನು ಮನೆಯ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಮಾದರಿ ಕೇಳಿದ್ದೆ. ಮನೆಯಲ್ಲಿ ದೊಡ್ಡ ರಾದ್ಧಾಂತವಾಗಿತ್ತು. ಅಣ್ಣ ಡಬ್ಬಿಯನ್ನು ಅಂಗಳಕ್ಕೆ ಎಸೆದಿದ್ದ. ವೈನಿ ನಗುತ್ತ ಅಳುತ್ತ ಕೊಟ್ಟಿದ್ದಳು. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟು, ಮೂರನೆಯ ದಿನ ಡಬ್ಬಿಯನ್ನು ಮೂರು ಹಾಳೆ ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಅವ್ವ ಮಲಗಿದವರ ಪೈಕಿ ಅಲ್ಲ. ಹಬ್ಬ ಮುಗಿದ ಮೇಲೆ ಅವಳಿಗೆ ಹೊಟ್ಟೆನೋವಿಲ್ಲ, ಜ್ವರವಿಲ್ಲ. ಆದರೂ ಧಾರವಾಡದಿಂದ ಬಂದ ವರದಿಯಲ್ಲಿ ಅವಳ ಡಬ್ಬಿಗೂ ಅದೇ ಕ್ರಿಮಿಯ ಹೆಸರಿತ್ತು.

ಆ ಕಾಗದ ಹಿಡಿದು ಮನೆಗೆ ಹೋದೆ. ಅವ್ವ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, ಹುಣ್ಣಿಮೆಗೆ ಮುಂಚೆ ನಿನಗೆ ಹೊಟ್ಟೆ ಕೆಟ್ಟಿತ್ತೇನು ಎಂದು ಕೇಳಿದೆ. ಅವ್ವ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಾಕ ದಿನ ಕೆಟ್ಟಿತ್ತು," ಎಂದಳು.

"ರಕ್ತ ಹೋಗಿತ್ತೇನು?"

"ಉಷ್ಣ ಆಗಿತ್ತು. ಅಂಗಡ್ಯಾಗ ಗುಳಗಿ ತಂದು ತಗೊಂಡೆ, ಕಡಿಮಿ ಆತು."

ದಾಂಡೇಲಿಯಲ್ಲಿ ಅವ್ವನ ತಂಗಿ ಇದ್ದಾಳೆ, ನನಗೆ ಚಿಗವ್ವ. ಅವಳ ಮಗ ಪೇಪರ್ ಮಿಲ್ಲಿನಲ್ಲಿ ಶಿಫ್ಟಿಗೆ ಹೋಗುತ್ತಾನೆ. ಹಬ್ಬಕ್ಕೆ ಹತ್ತು ದಿನ ಮೊದಲು ಅವ್ವ ಅಲ್ಲಿಗೆ ಹೋಗಿ ಎರಡು ದಿನ ಇದ್ದು ಬಂದಿದ್ದಳು. ಚಿಗವ್ವನ ಮೊಮ್ಮಗುವಿಗೆ ಭೇದಿಯಾಗುತ್ತಿತ್ತಂತೆ. ಸೊಸೆಗೆ ಮೈಯಲ್ಲಿ ಹುಷಾರಿಲ್ಲ ಎಂದು ಅವ್ವನೇ ಆ ಮಗುವಿನ ಅರಿವೆ ಒಗೆದು ಹಾಕಿದ್ದಳು. ಅಲ್ಲಿಂದ ಬಂದ ಮೂರನೆಯ ದಿನಕ್ಕೆ ಅವಳಿಗೆ ಶುರುವಾಗಿತ್ತು. ಅಂಗಡಿಯ ಗುಳಿಗೆ ಭೇದಿಯನ್ನು ತಡೆಯಿತು, ಕ್ರಿಮಿಯನ್ನಲ್ಲ. ಈ ರೋಗದಲ್ಲಿ ಭೇದಿ ಕಟ್ಟುವ ಗುಳಿಗೆ ತಿನ್ನಲೇಬಾರದು, ಕ್ರಿಮಿ ಒಳಗೇ ಉಳಿದು ಇನ್ನಷ್ಟು ಹಾಳು ಮಾಡುತ್ತದೆ. ಮನುಷ್ಯ ಆರಾಮಾದ ಮೇಲೂ ವಾರಗಟ್ಟಲೆ ಅದು ಮಲದಲ್ಲಿ ಹೋಗುತ್ತಲೇ ಇರುತ್ತದೆ.

ಹಬ್ಬದ ದಿನ ನಸುಕಿನಲ್ಲಿ ಅವ್ವ ತಲೆಗೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು, ಹಣೆಗೆ ಇಬತ್ತಿ ಹಚ್ಚಿಕೊಂಡು ಪೂಜೆ ಮುಗಿಸಿದ್ದಳು. ಆಮೇಲೆ ಹೊಟ್ಟೆ ಮತ್ತೊಮ್ಮೆ ಕರೆದಿತ್ತು. ಹೋಗಿ ಬಂದು ಕೈ ಮೇಲೆ ತಂಬಿಗೆ ನೀರು ಸುರಿದುಕೊಂಡು, ಸೆರಗಿಗೆ ಒರೆಸಿ ಪರಾತದ ಮುಂದೆ ಕೂತಿದ್ದಳು. ಸಾಬೂನು ಎಲ್ಲಿತ್ತು ಎಂದು ಕೇಳಿದೆ. ಬಚ್ಚಲಲ್ಲಿ ಇತ್ತು. ಒಮ್ಮೆ ಸ್ನಾನ ಆದ ಮೇಲೆ ಮತ್ತೆ ಸಾಬೂನು ಯಾಕೆ ಎಂದು ಅವಳು ನನ್ನನ್ನೇ ಕೇಳಿದಳು. ನಾನು ಸಣ್ಣವಳಿದ್ದಾಗ ಹಿತ್ತಲ ನಲ್ಲಿಯ ಪಕ್ಕ ತೆಂಗಿನ ಚಿಪ್ಪಿನಲ್ಲಿ ಒಲೆಯ ಬೂದಿ ಇರುತ್ತಿತ್ತು, ಅದರಿಂದ ಎಲ್ಲರೂ ಕೈ ತಿಕ್ಕುತ್ತಿದ್ದೆವು. ಗ್ಯಾಸು ಬಂತು, ಒಲೆ ಹೋಯಿತು, ಬೂದಿ ಹೋಯಿತು. ಆ ಜಾಗಕ್ಕೆ ಸಾಬೂನು ಇಡಬೇಕೆಂದು ಮನೆಯಲ್ಲಿ ಯಾರಿಗೂ ತೋಚಲಿಲ್ಲ, ತಿಂಗಳಿಗೊಮ್ಮೆ ಬಂದು ಹೋಗುವ ಈ ಲ್ಯಾಬಿನವಳಿಗೂ ತೋಚಲಿಲ್ಲ.

"ಹೇಳಬಾರದಿತ್ತೇನಬೇ? ಒಂದ ಮಾತು ಹೇಳಿದ್ರ ವೈನಿ ಬುತ್ತಿ ಮಾಡ್ತಿದ್ಳು," ಎಂದೆ.

"ಏನಂತ ಹೇಳ್ಲಿ?" ಎಂದಳು ಅವ್ವ. "ಸೊಸಿ ಮುಂದ, ಮಗನ ಮುಂದ, ನನಗ ಝಾಡಿ ಹತ್ಯಾವ ಅಂತ ಹೇಳ್ಲಿ? ವರ್ಸಕ್ಕೊಂದ ಹಬ್ಬ. ಬುತ್ತಿ ನನ್ನ ಕೈಲಿಂದನ ಆಗಬೇಕು ಅಂತ ಎಲ್ಲಾರೂ ಬರ್ತಾರ."

ಮುಂಡಗೋಡದಲ್ಲಿದ್ದಾಗ ಟಿಬೆಟನ್ ಕಾಲೊನಿಯಿಂದ ಒಬ್ಬ ವಯಸ್ಸಾದ ಸನ್ಯಾಸಿ ನಮ್ಮ ಲ್ಯಾಬಿಗೆ ಬಂದಿದ್ದರು. ಮಠದ ಅಡುಗೆಮನೆಯವರು. ಹೊಟ್ಟೆ ಕೆಟ್ಟಿದೆ, ನಾನು ಯಾವಾಗ ಮತ್ತೆ ಹಿಟ್ಟು ಮುಟ್ಟಬಹುದು ಹೇಳಿ, ಅಲ್ಲಿಯತನಕ ಕಟ್ಟಿಗೆ ಒಡೆಯುತ್ತೇನೆ ಎಂದು ಒಡೆದ ಹಿಂದಿಯಲ್ಲಿ ಕೇಳಿದರು. ಅಷ್ಟೇ ಮಾತು. ಅದರಲ್ಲಿ ನಾಚಿಕೆ ಇರಲಿಲ್ಲ, ನಾಟಕವೂ ಇರಲಿಲ್ಲ. ನಮ್ಮಲ್ಲಿ ಒಬ್ಬ ಹೆಂಗಸು ಆ ಮಾತು ಹೇಳಬೇಕಾದರೆ ಅವಳ ಹೊಟ್ಟೆ ಕೆಟ್ಟದ್ದಕ್ಕಿಂತ ಅವಳ ಮಾನ ಕೆಟ್ಟದ್ದೇ ದೊಡ್ಡ ಸುದ್ದಿಯಾಗುತ್ತದೆ. ಅವ್ವನ ಮೇಲೆ ಸಿಟ್ಟು ಬಂತು, ಅವಳನ್ನು ಹೀಗೆ ಬೆಳೆಸಿದವರ ಮೇಲೂ ಬಂತು. ಆದರೆ ಅವ್ವನ ಮಾನ ಉಳಿಯಲೆಂದು ಮೌಶಿಯ ಬದುಕು ಹೋಗುತ್ತಿತ್ತು. ಅದನ್ನು ನೆನೆದಾಗ ನನಗೆ ಯಾವ ಮರುಕವೂ ಉಳಿಯಲಿಲ್ಲ.

ಅವ್ವನಿಗೆ ಔಷಧಿ ಕೊಡಿಸಿದೆ. ಒಂದು ಭಾನುವಾರ ಗೌಳಿಗಳ ವಾಡೆಗೆ ಹೋದೆ. ಮೌಶಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ನಾಲ್ಕರಲ್ಲಿ ಎರಡೇ ಎಮ್ಮೆ ಇದ್ದವು. ಮೊದಲು ಕೇಳಿದ್ದು ಮಗು ಹೇಗಿದೆ ಎಂದು. ಆರಾಮಿದ್ದಾಳೆ ಎಂದೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ, ಅವ್ವನ ಡಬ್ಬಿಯ ಸಂಗತಿಯನ್ನೂ ಬಿಡದೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ನಮ್ಮ ಹಾಲಾಗ ಏನರ ಇದ್ದಿದ್ರ ಮೊದಲ ನನ್ನ ಹುಡುಗ್ಯಾರು ಬೀಳಬೇಕಿತ್ತಲ್ರಿ ಅಕ್ಕಾರ," ಎಂದಳು. "ಯಾರರ ಬಂದು ನಿನ್ನ ಮನ್ಯಾಗ ಯಾರಿಗರ ಆರಾಮಿಲ್ಲೇನು ಅಂತ ಕೇಳ್ತಾರೇನು ಅಂತ ದಾರಿ ನೋಡಿದೆ. ಯಾರೂ ಬರಲಿಲ್ಲ. ಓಣ್ಯಾಗ ನೀವು ಹೇಳಿದ್ರ ಕೇಳ್ತಾರ. ಹೇಳ್ರಿ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಅಣ್ಣನಿಗೆ ಹೇಳಿದೆ, ಅವನು ಕಾಗದ ಓದದೆ ಮಡಚಿ ಕೊಟ್ಟು, ಮನೆಯ ಮಾತು ಹೊರಗೆ ಹಾಕಬೇಡ ಎಂದ. ಗೌಳಿ ಹೆಂಗಸಿನ ಹೆಸರನ್ನು ಹೊರಗೆ ಹಾಕುವಾಗ ಈ ಬುದ್ಧಿ ಎಲ್ಲಿತ್ತು ಎಂದು ಕೇಳಿದ್ದಕ್ಕೆ ಎದ್ದು ಹೋದ. ಕೊನೆಗೆ ನಾನು ಅವ್ವನ ಮುಂದೆ ಮೊಬೈಲು ಹಿಡಿದು, ಈ ವರದಿಯ ಫೋಟೋವನ್ನು ಓಣಿಯ ಗುಂಪಿಗೆ ಈಗಲೇ ಹಾಕುತ್ತೇನೆ ಎಂದೆ. ಮಗಳು ಆಡಬಾರದ ಮಾತು ಅದು, ಆಡಿದೆ. ಅವ್ವ ನನ್ನ ಕೈಯಿಂದ ಮೊಬೈಲು ತೆಗೆದು ಕೆಳಗಿಟ್ಟಳು. ಹಾಕಬೇಡ, ನಾನೇ ಬಾಯಿಬಿಟ್ಟು ಹೇಳುತ್ತೇನೆ ಎಂದಳು. ಆ ಕ್ಷಣ ಅವಳ ಬಗ್ಗೆ ನನಗೆ ನಿಜವಾಗಿ ಹೆಮ್ಮೆಯಾಯಿತು.

ಗೌರಿ ಹುಣ್ಣಿಮೆಗೆ ಓಣಿಯ ಹೆಂಗಸರು ಸಕ್ಕರೆ ಆರತಿ ಹಿಡಿದು ಮನೆಮನೆಗೆ ಹೋಗುತ್ತಾರೆ. ನಮ್ಮ ಪಡಸಾಲೆಯಲ್ಲಿ ಹತ್ತು ಹದಿನೈದು ಮಂದಿ ಕೂತಿದ್ದರು. ಪಾಕೆಟ್ ಹಾಲಿನ ಚಹಾ ಕೊಟ್ಟಾಗಿತ್ತು. ಅವ್ವ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅವತ್ತ ಎಲ್ಲಾರಿಗೂ ಆಗಿದ್ದು ಹಾಲಿನಿಂದ ಅಲ್ಲ. ನನಗ ಮೊದಲ ಹೊಟ್ಟಿ ಕೆಟ್ಟಿತ್ತು, ನಾ ಯಾರಿಗೂ ಹೇಳಲಿಲ್ಲ. ನನ್ನ ಕೈಲಿಂದ ಬುತ್ತಿಗೆ ಬಂತು. ಆ ಮೌಶಿದೇನೂ ತಪ್ಪಿಲ್ಲ. ಅಕಿ ಹಾಲು ತಗೋರಿ."

ಎದುರುಮನೆಯ ಹಿರಿಯಾಕೆ ಎದ್ದು ಬಂದು ಅವ್ವನ ಗದ್ದ ಹಿಡಿದಳು.

"ಎಂಥಾ ದೊಡ್ಡ ಮನಸು ನೋಡ್ರಿ ಈಕಿದು," ಎಂದಳು. "ಒಬ್ಬ ಗೌಳ್ಯಾರಾಕಿ ಸಲವಾಗಿ ಎಲ್ಲಾ ತನ್ನ ತಲಿ ಮ್ಯಾಲ ತಗೊಳಾಕತ್ಯಾಳ."

ಎಲ್ಲರೂ ತಲೆಯಾಡಿಸಿದರು. ಒಬ್ಬಳು ಕಣ್ಣೊರೆಸಿಕೊಂಡಳು. ನಾನು ಒಳಗೆ ಓಡಿಹೋಗಿ ವರದಿ ತಂದು ತೋರಿಸಿದೆ, ಎಮ್ಮೆಯಲ್ಲಿ ಈ ಕ್ರಿಮಿ ಇರುವುದಿಲ್ಲ ಎಂದೆ, ನಿಮ್ಮ ಏಳು ಮನೆಗಳಲ್ಲಿ ಯಾರಿಗೂ ಯಾಕೆ ಆಗಲಿಲ್ಲ ಹೇಳಿ ಎಂದೆ. ನಮ್ಮ ಪುಣ್ಯ ಎಂದಳು ಒಬ್ಬಳು. ಮಶೀನಿಗೆ ಕೈಗುಣ ಏನು ತಿಳಿಯುತ್ತದೆ ಎಂದಳು ಇನ್ನೊಬ್ಬಳು. ಆಮೇಲೆ ಅವರಿಗೆ ಹೊಳೆದದ್ದು ಬೇರೆಯೇ ಸಂಗತಿ: ನಾನು ಹೆತ್ತ ತಾಯಿಯ ಮಲವನ್ನು ಡಬ್ಬಿಯಲ್ಲಿ ಹಾಕಿಕೊಂಡು ಧಾರವಾಡಕ್ಕೆ ಕಳಿಸಿದ್ದೆ. ಇಡೀ ಪಡಸಾಲೆ ನನ್ನ ಕಡೆಗೆ ತಿರುಗಿತು. ಇಂಥ ದೇವರಂಥ ತಾಯಿಗೆ ಇಂಥ ಮಗಳು ಎಂಬ ಮಾತು ಆ ದಿನ ಶುರುವಾಗಿ ಈಗಲೂ ಓಣಿಯಲ್ಲಿ ನಡೆಯುತ್ತಿದೆ.

ಮೌಶಿಯ ಹಾಲನ್ನು ಯಾರೂ ಮತ್ತೆ ತೆಗೆದುಕೊಳ್ಳಲಿಲ್ಲ. ಉಳಿದ ಎರಡು ಎಮ್ಮೆಗಳೂ ಹೋದವು. ಜೋಯಿಡಾ ಕಡೆಗೆ ಯಾವುದೋ ಹೋಂಸ್ಟೇಯಲ್ಲಿ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತೆಂದು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದಳೆಂದು ವಾಡೆಯವರು ಹೇಳಿದರು. ಹೆಣ್ಣುಮಕ್ಕಳ ಸಾಲಿ ಏನಾಯಿತು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಅಣ್ಣನ ಮಗಳನ್ನು ನೋಡಿಕೊಂಡು ಹೋಗಲು ದಾಂಡೇಲಿಯಿಂದ ಚಿಗವ್ವ ಬಂದಿದ್ದಳು. ನಾನೂ ಆ ದಿನ ಮನೆಯಲ್ಲಿದ್ದೆ. ಇಬ್ಬರೂ ಅಕ್ಕತಂಗಿಯರು ಪಡಸಾಲೆಯಲ್ಲಿ ಕೂತು ಹಿಂದಿನದನ್ನೆಲ್ಲ ಮಾತಾಡುತ್ತಿದ್ದರು. ಶೀಗಿ ಹುಣ್ಣಿಮೆಯ ಸಂಗತಿ ಬಂದಾಗ ಅವ್ವ ನನ್ನ ಕಡೆ ನೋಡಲಿಲ್ಲ, ನೋಡಬಾರದೆಂದೇನೂ ಅಲ್ಲ, ಅವಳಿಗೆ ನೋಡಬೇಕೆಂದು ಅನ್ನಿಸಲಿಲ್ಲ. ದಿನಾ ಅಷ್ಟು ಮಂದಿ ಅಷ್ಟು ಪ್ರೀತಿಯಿಂದ ಹೇಳಿದ್ದನ್ನು ಅವಳೂ ನಂಬಿಬಿಟ್ಟಿದ್ದಳು.

"ಪಾಪ, ಆ ಗೌಳ್ಯಾರಾಕಿ ಹೆಸರು ಕೆಡಬಾರ್ದು ಅಂತ ನಾನ ಮೈಮ್ಯಾಲ ಹಾಕ್ಕೊಂಡೆ ನೋಡ," ಎಂದಳು.

ಚಿಗವ್ವ ಅವ್ವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.